ಕಾಯುವ ಸೀಟು

ತಾನು ಜಾಣೆಯಲ್ಲ ಅನ್ನುವುದು ಇವತ್ತೋ ನಾಳೆಯೋ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂಬುದೊಂದೇ ಮೋನಮ್ಮನ ಚಿಂತೆ. ಮದುವೆಯ ಚಿಂತೆಯೂ ಇತ್ತು, ಆದರೆ ಅದು ಬಸ್ಸಿನಲ್ಲಿ ಜಾಗ ಸಿಗದವರ ಹಾಗೆ ಹಿಂದೆಲ್ಲೋ ಕಂಬಿ ಹಿಡಿದು ತೂಗಾಡುತ್ತ ನಿಂತಿತ್ತು. ಮೈಚೆಲ್ಲಿ ಕೂತದ್ದು ಇದು. ಅಂಗಡಿಗೆ ಹೋದರೆ ಬೇಕಾದ ಸಾಮಾನಿಗೆ ಬೆರಳು ತೋರಿಸಿ ಮುಗಿಸುವ ಹುಡುಗಿ ಅವಳು. ಕಾಲೇಜಿನಲ್ಲಿ ಹಾಜರಿ ಕರೆದಾಗಲೂ ಕೈಯೆತ್ತುತ್ತಿದ್ದಳೇ ಹೊರತು ಬಾಯಿ ತೆರೆದವಳಲ್ಲ. ‘ಹೆಸರಿಟ್ಟವರು ತಿಳದೇ ಇಟ್ಟಾರ, ಮೋನಮ್ಮ ಅಂದ್ರ ಮೌನಮ್ಮನೇ’ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅಂಥವಳು ಒಂದೇ ಒಂದು ಮಾತಾಡಿ, ಶಹಾಪುರದಿಂದ ಸುರಪುರದ ತನಕ ಬಳಗದಲ್ಲೆಲ್ಲ ಮಾತಿನಮಲ್ಲಿ ಅನಿಸಿಕೊಂಡುಬಿಟ್ಟಿದ್ದಳು. ಮಾತು ಅವಳದೇ, ಶಬ್ದಕ್ಕೆ ಶಬ್ದ ಅವಳ ಬಾಯಿಂದಲೇ ಬಂದದ್ದು. ಅದರ ಅರ್ಥ ಮಾತ್ರ ಅವಳದಲ್ಲ. ಮಂದಿ ಕೊಟ್ಟ ಅರ್ಥವನ್ನು ಹೊದ್ದುಕೊಂಡು, ಯಾರದೋ ಜರಿಸೀರೆ ಉಟ್ಟು ಮದುವೆಗೆ ಹೋದವಳ ಹಾಗೆ, ಸೆರಗಿಗೆ ಎಲ್ಲಿ ಸಾರು ತಾಗೀತೋ ಎಂದು ಹೆಜ್ಜೆ ಎಣಿಸಿ ನಡೆಯುತ್ತಿದ್ದಳು. ಮತ್ತು, ಇದನ್ನು ಅವಳು ತನ್ನ ಡೈರಿಗೂ ಹೇಳಿರಲಿಲ್ಲ, ಆ ಸೀರೆ ತನಗೆ ಒಪ್ಪುತ್ತದೆ ಎಂದು ಒಳಗೊಳಗೇ ಖುಷಿಯಾಗುತ್ತಿತ್ತು.

ಮುಂಜಾನೆ ಓಣಿಯ ತುದಿಯಲ್ಲಿ ಗಾಡಿಯ ಸದ್ದು ಕೇಳಿದಾಗ ಅವಳು ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಮ್ಮೆಯಷ್ಟು ದಪ್ಪನೆಯ ಮೋಟಾರ್ ಸೈಕಲ್ಲು ಅದು. ಅತ್ತೆಯ ಮಗ ಮರಿಲಿಂಗಪ್ಪ ಕಡೇಚೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿಗೆ ಯಾವುದೋ ಥಂಡಿ ದೇಶದಿಂದ ಬಂದಿದ್ದ ಸಾಹೇಬ ವಾಪಸು ಹೋಗುವಾಗ ಇದನ್ನು ಅವನ ಕೊರಳಿಗೆ ಕಟ್ಟಿ ಹೋಗಿದ್ದ. ಓಣಿಯ ನಾಯಿಗಳು ಬೊಗಳುವುದನ್ನು ಬಿಟ್ಟು ಅದಕ್ಕೆ ದಾರಿ ಬಿಡುತ್ತಿದ್ದವು. ಇವತ್ತು ಅದರ ಹಿಂದಿನ ಸೀಟಿನ ಮೇಲೆ ಬಾಲಮ್ಮತ್ತೆ, ಅಂಬಾರಿಯಲ್ಲಿ ಕೂತವಳ ಹಾಗೆ, ಸುರಪುರದಿಂದ ಬಂದಿದ್ದಳು. ಬಂದವಳು ಇಳಿಯಲೇ ಇಲ್ಲ. ಗಾಡಿ ಅಂಗಳದಲ್ಲಿ ನಿಂತಿತು, ಮರಿಲಿಂಗ ಇಳಿದು ಒಳಗೆ ಹೋಗಿ ಮಾವನ ಕಾಲಿಗೆ ನಮಸ್ಕಾರ ಮಾಡಿದ, ಅವ್ವ ಚಾ ಸೋಸಿದಳು. ಅತ್ತೆ ಮಾತ್ರ ಮೇಲೆಯೇ ಕೂತು ಕೈ ಚಾಚಿ, ‘ಇಲ್ಲೇ ಕೊಡವಾ ನನ್ನ ಚಾ, ನನ್ನ ಸ್ವಂಟಕ್ಕ ಈಗ ಹತ್ತಾಕತ್ತದ ಕಾವು’ ಅಂದಳು.

‘ಇಳೀ ಯವ್ವಾ, ಮಂದಿ ನೋಡ್ತಾರ. ಅದು ಇಂಜಿನ್ ಬಿಸಿ’ ಎಂದ ಹೊರಗೆ ಬಂದ ಮರಿಲಿಂಗ.

‘ಇಂಜಿನ್ನೋ ಗಿಂಜಿನ್ನೋ, ಹತ್ತು ಡಾಕ್ಟರ್ ಕೈಲಿ ಆಗಲಾರದ್ದು ಈ ಸೀಟಿನ ಕೈಲಿ ಆಗ್ಯಾದ. ಮೋನಾ, ನಮ್ಮವ್ವ, ಎಷ್ಟ್ ಛಂದ ಮಾತಾಡಿದಿಬೇ ನೀ ಅವತ್ತು! ನನ್ನ ಸೊಸಿ ಅಂದ್ರ ಸೊಸಿ.’

ಸೊಸೆ ಎಂದು ಅತ್ತೆ ಅವಳನ್ನು ತೊಟ್ಟಿಲಲ್ಲಿದ್ದಾಗಿನಿಂದಲೂ ಕರೆಯುತ್ತಿದ್ದಳು. ಅಣ್ಣನ ಮಗಳಿಗೂ ಅದೇ ಶಬ್ದ, ಮಗನ ಹೆಂಡತಿಗೂ ಅದೇ ಶಬ್ದ. ಈ ಭಾಷೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು ಜಿಗಿಯುವ ಕೆಲಸವೂ ಇಲ್ಲ, ನಿಂತಲ್ಲೇ ನಿಂತರೆ ಸಾಕು. ಮೋನಮ್ಮ ಕಸಬರಿಗೆಯನ್ನು ಮೂಲೆಗೆ ಒರಗಿಸಿ, ಮುಗುಳ್ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಮತ್ತೆ ಅದೇ ಕಚಗುಳಿ.

ಆ ಮಾತು ಹುಟ್ಟಿದ ದಿನ ಅಪ್ಪ ಹುಲಗಪ್ಪ ಮಾಸ್ತರು ಸಗರದ ಶಾಲೆಗೆ ಹೊರಡುತ್ತ, ‘ಅತ್ತಿ ಸ್ವಂಟ ಹಿಡಕೊಂಡು ಮಲಗ್ಯಾಳಂತ, ನೋಡಿಕೊಂಡು ಬಾ, ಮರಿಲಿಂಗ ಡ್ಯೂಟಿ ಮುಗಿಸಿ ಈ ಕಡಿಂದ್ಲೇ ಹೋಗಾಂವ ಇದ್ದಾನ’ ಎಂದಿದ್ದರು. ಅವಳು ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ವೇಲಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಅವನ ಬೆನ್ನಿಗೂ ತನಗೂ ನಡುವೆ ಒಂದು ಪುಸ್ತಕ ಹಿಡಿಸುವಷ್ಟು ಜಾಗ ಬಿಟ್ಟು ಕೂತಿದ್ದಳು. ಎಡಗಾಲಿನ ಮೀನಖಂಡಕ್ಕೆ ಸೀಟಿನ ಅಂಚಿನ ಯಾವುದೋ ಗುಬುಟು ಒತ್ತುತ್ತಿತ್ತು. ಸರಿದು ಕೂಡೋಣವೆಂದರೆ ಅವನ ಬೆನ್ನು ತಾಗುತ್ತದೆ, ಹಾಗೇ ಒತ್ತಿಸಿಕೊಂಡು ಕೂತಳು. ಭೀಮರಾಯನಗುಡಿ ದಾಟುವಷ್ಟರಲ್ಲಿ ಅದು ಶುರುವಾಯಿತು. ಕೆಳಗಿನಿಂದ. ಮೊದಲು ಹಿತವಾಗಿ, ಅಮ್ಮನ ಮಡಿಲಿನ ಹಾಗೆ. ಆಮೇಲೆ ಜ್ವರದ ಹಾಗೆ. ಆಮೇಲೆ ಹೇಳಲಾಗದ ಹಾಗೆ. ಬಿಸಿಲು ಅಂದುಕೊಂಡಳು, ಆದರೆ ಬಿಸಿಲು ಮೇಲಿನಿಂದ ಬರುವಂಥದ್ದು. ಗುರುಮಠಕಲ್ಲಿಗೆ ಮದುವೆಯಾಗಿ ಹೋದ ಗೆಳತಿ ಅನ್ನಮ್ಮ ಒಮ್ಮೆ ಕಿವಿಯಲ್ಲಿ ಹೇಳಿದ್ದಳು: ‘ಮನಸ್ಸಿಗಿ ಬಂದಾಂವನ ಬಾಜೂಕ ಕುಂತ್ರ ಮೈಯಾಗ ಕಾವು ಏರ್ತದ ನೋಡು, ಗೊತ್ತೇ ಆಗಂಗಿಲ್ಲ.’ ಇದೇನಾ ಅದು? ಮೋನಮ್ಮ ಹೆದರಿದಳು. ಪ್ರೀತಿ ಎದೆಯಲ್ಲಿ ಹುಟ್ಟುತ್ತದೆ ಎಂದು ಎಲ್ಲ ಪುಸ್ತಕಗಳಲ್ಲೂ ಓದಿದ್ದಳು. ಇಷ್ಟು ಕೆಳಗೆ ಹುಟ್ಟುತ್ತದೆ ಎಂದು ಯಾರೂ ಬರೆದಿರಲಿಲ್ಲ. ನಾಚಿಕೆಗೇಡಿ, ನಾಚಿಕೆಗೇಡಿ ಎಂದು ತನ್ನನ್ನು ಬೈದುಕೊಂಡಳು. ಬೈದಷ್ಟೂ ಅದು ಏರಿತು. ಇಬ್ಬದಿಯ ಹಸಿರು ಭತ್ತದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಒಂಟಿ ಕಾಲಲ್ಲಿ ತಣ್ಣಗೆ ನಿಂತು ಅವಳನ್ನೇ ನೋಡುತ್ತಿದ್ದವು.

ಕೊನೆಗೆ ಇದು ತನ್ನೊಳಗಿನದಲ್ಲ, ರೆಕ್ಸಿನ್ನಿನದು ಎಂದು ಅವಳಿಗೆ ಖಾತ್ರಿಯಾದದ್ದು, ಅಂಗೈ ಇಟ್ಟು ನೋಡಿದಾಗ. ಆಗ ಬಂದ ಸಮಾಧಾನ ಎಷ್ಟು ದೊಡ್ಡದಿತ್ತೆಂದರೆ ಅದರಲ್ಲಿ ಸಣ್ಣದೊಂದು ನಿರಾಸೆ ಇದ್ದದ್ದು ಅವಳಿಗೆ ಆಮೇಲೆ, ಎಷ್ಟೋ ದಿನದ ಮೇಲೆ ಗೊತ್ತಾಯಿತು. ಇನ್ನು ಹೇಳಲೇಬೇಕು. ಹೇಗೆ ಹೇಳುವುದು? ‘ಸುಡಾಕತ್ತದ’ ಅಂದರೆ ‘ಎಲ್ಲಿ?’ ಅನ್ನುತ್ತಾನೆ. ‘ಬಿಸಿ ಆಗ್ಯಾದ’ ಅಂದರೆ ‘ಏನು?’ ಅನ್ನುತ್ತಾನೆ, ಅದು ಇನ್ನೂ ಕೆಟ್ಟದ್ದು. ಮಾತುಗಳನ್ನು ಒಂದೊಂದಾಗಿ ತೆಗೆದು, ಬಳೆಗಾರನ ಮುಂದೆ ಕೂತವಳ ಹಾಗೆ, ಇದಲ್ಲ ಇದಲ್ಲ ಎಂದು ಸರಿಸುತ್ತ ಹೋದಳು. ಬಚ್ಚಲಿನ ಹಂಡೆ ನೆನಪಾಯಿತು. ನೀರು ಕಾಯಾಕತ್ತಾವ ಅನ್ನುತ್ತೇವೆ. ಅಪ್ಪನ ಮುಂದೆಯೂ ಅನ್ನುತ್ತೇವೆ. ಶುದ್ಧ, ಮರ್ಯಾದಸ್ಥ ಶಬ್ದ. ಅದನ್ನೇ ಬಾಯಿಯ ಅಂಚಿಗೆ ತಂದು ಇಟ್ಟುಕೊಂಡಳು. ಅಷ್ಟರಲ್ಲಿ ಮುಂದೆ ಕೂತವನು, ಗಾಳಿಗೆ ಮುಖ ಕೊಟ್ಟು, ‘ಗಾಡಿ ತಗೊಂಡಾಗಿಂದ ಹಿಂದಿನ ಸೀಟಿಗಿ ಒಬ್ಬರನ್ನೂ ಹತ್ತಿಸಿಲ್ಲ ನೋಡು ಮೋನಾ, ಮಾಲಕಿ ಬರೂತನಕಾ ಖಾಲಿ ಇರಲಿ ಅಂತ’ ಎಂದು ಹೇಳಿದ್ದನಂತೆ. ಅವಳಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಕಾಲುವೆಯ ಸೇತುವೆ ಏರುವಾಗ ಗಾಡಿ ನಿಧಾನವಾಯಿತು, ಧೈರ್ಯ ಮಾಡಿ ಅಂದುಬಿಟ್ಟಳು:

‘ಸೀಟು ಕಾಯಾಕತ್ತದ.’

ಗಾಡಿ ಸೇತುವೆಯ ನಡುವೆ ನಿಂತೇಬಿಟ್ಟಿತು. ಅವನು ತಿರುಗಲಿಲ್ಲ, ಕಿವಿಗಳು ಮಾತ್ರ ಕೆಂಪಗಾದವು. ‘ಏನಂದಿ?’ ಅಂದ. ಕೇಳಿಸಿಲ್ಲವೇನೋ ಎಂದು ಅವಳು, ಹುಟ್ಟಿದಾಗಿನಿಂದ ಎಂದೂ ಏರಿಸದಿದ್ದ ದನಿಯನ್ನು ಏರಿಸಿ, ‘ಹಿಂದಿನ ಸೀಟು. ಕಾಯಾಕತ್ತದ’ ಅಂದಳು. ಅವನು ಕೆಳಗೆ ಹಾರಿದ. ಹೆಗಲ ಮೇಲಿನ ಟವೆಲ್ಲನ್ನು ಆಕಾಶಕ್ಕೆ ಎಸೆದ, ಅದು ಗಾಳಿಗೆ ಬಿಚ್ಚಿಕೊಂಡು ತುಂಬಿದ ಕಾಲುವೆಗೆ ಬಿದ್ದು ತೇಲುತ್ತ ಹೋಯಿತು, ಅವನು ನಗುತ್ತ ದಂಡೆಗುಂಟ ಅದರ ಬೆನ್ನು ಹತ್ತಿ ಓಡಿದ. ಪಾಪ, ಎಷ್ಟು ಒಳ್ಳೆಯವನು, ಸೀಟಿನ ಮೇಲೆ ಹಾಕಲು ಟವೆಲ್ ತೋಯಿಸಿಕೊಂಡು ಬರುತ್ತಿದ್ದಾನೆ ಎಂದುಕೊಂಡಳು ಮೋನಮ್ಮ. ಒದ್ದೆ ಟವೆಲ್ ಹಿಂಡುತ್ತ ಅವನು ವಾಪಸು ಬಂದಾಗ ಕೈ ಚಾಚಿ ಅದನ್ನು ಇಸಿದುಕೊಂಡು, ಮಡಿಚಿ ಸೀಟಿನ ಮೇಲೆ ಹಾಸಿ ಕೂತಳು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಈ ಸೀಮೆಯಲ್ಲಿ ಅದಕ್ಕೆ ಏನು ಅರ್ಥ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತು. ಸುರಪುರ ಮುಟ್ಟುವ ತನಕ ಅವನು ಹಾಡಿದ, ಅವಳ ಬೆನ್ನ ಕೆಳಗಿಂದ ನೀರು ತೊಟ್ಟಿಕ್ಕಿತು.

ಅತ್ತೆ ಸೊಂಟ ಹಿಡಿದುಕೊಂಡೇ ಎದ್ದು ಬಂದು ಬಾಯಿಗೆ ಸಕ್ಕರೆ ಹಾಕಿದಾಗಲೇ ಅವಳಿಗೆ ತಿಳಿದದ್ದು, ಬಿಸಿಯಾಗುವ ಸೀಟು ಅವನ ಕಿವಿಯಲ್ಲಿ ದಾರಿ ಕಾಯುವ ಸೀಟಾಗಿದೆ ಎಂದು. ‘ಹುಡುಗಿ ತನ್ನ ಬಾಯಿಂದ ಹೂಂ ಅನ್ನಲಿ, ಅಲ್ಲೀತನಕಾ ಮದುವಿ ಮಾತು ಬ್ಯಾಡ’ ಎಂದು ಅಪ್ಪ ತಿಂಗಳುಗಟ್ಟಲೆ ಹಟ ಹಿಡಿದಿದ್ದರಲ್ಲ, ಈಗ ಫೋನಿನಲ್ಲಿ ಸುದ್ದಿ ಕೇಳಿ ಅಪ್ಪನೂ ಸೋತು ನಕ್ಕುಬಿಟ್ಟಿದ್ದರು, ‘ಹೂಂ ಅನ್ನೋದು ಬಿಟ್ಟು ಕವಿತಾನೇ ಹೇಳ್ಯಾಳ.’ ಅಲ್ಲ ಎಂದು ಆಗಲೇ ಹೇಳಬಹುದಿತ್ತು. ಬಾಯಲ್ಲಿ ಸಕ್ಕರೆ ಇತ್ತು. ಸಕ್ಕರೆ ಕರಗಿದ ಮೇಲೆ ಹೇಳಬಹುದಿತ್ತು. ಅಷ್ಟರಲ್ಲಿ ಮರಿಲಿಂಗ ಗಲ್ಲಿಯ ತುಂಬ ಆ ಮಾತನ್ನು ಹಂಚುತ್ತ ಹೊರಟುಹೋಗಿದ್ದ. ಅವನು ಅವಳನ್ನು ನೋಡುವ ಕಣ್ಣೇ ಬದಲಾಗಿತ್ತು. ಈಕೆ ಇನ್ನೇನು ಹೇಳುತ್ತಾಳೋ ಎಂದು ಕಾದು ನೋಡುವ ಕಣ್ಣು. ಆ ಕಣ್ಣಿಗೆ ಬೀಳಲೆಂದೇ ಮೋನಮ್ಮ ಬಾಚಿದ ತಲೆಯನ್ನು ಇನ್ನೊಮ್ಮೆ ಬಾಚಿಕೊಳ್ಳುತ್ತಿದ್ದಳು. ಅವನು ಮೆಚ್ಚಿದ್ದು ಆ ಜಾಣೆಯನ್ನು. ತಾನು ಮೆಚ್ಚಿದ್ದು ಅವನನ್ನೋ, ಅವನು ನೋಡುತ್ತಿದ್ದ ಆ ಇನ್ನೊಬ್ಬಳನ್ನೋ? ಬೋರ್ಡಿನ ಮುಂದೆ ನಿಲ್ಲಿಸಿ ಲೆಕ್ಕ ಕೊಟ್ಟಂತಿತ್ತು.

‘ಯಾಕೋ ಸುಮ್ಮನಾತಲ್ಲೋ ಇದು?’ ಎಂದು ಇವತ್ತು ಮರಿಲಿಂಗ ಚಾ ಕುಡಿದು ಬಂದು ಅಂಗಳದಲ್ಲಿ ಗಾಡಿಯ ಗುಂಡಿ ಒತ್ತುತ್ತಿದ್ದ. ಗಾಡಿ ಕೆಮ್ಮಲೂ ಇಲ್ಲ. ದಿನ ಬಿಟ್ಟು ದಿನ ಬ್ಯಾಟರಿ ಸಾಯುತ್ತಿದೆ, ಅದನ್ನು ಶರೀಫಸಾಬರಿಗೆ ತೋರಿಸಲೆಂದೇ ಅವನು ಬಂದದ್ದು; ಅದು ಅಲ್ಲಿಯ ತನಕವೂ ತಡೆಯದೆ ಮಾವನ ಮನೆಯ ಅಂಗಳದಲ್ಲೇ ಪ್ರಾಣ ಬಿಟ್ಟಿತ್ತು. ನೂಕಬೇಕು. ‘ಮೋನಾನ್ನ ಕರಕೊಳ್ಳೋ, ಆಕಿ ಸೈನ್ಸ್ ಕಲತಾಳ’ ಅಂದಳು ಅತ್ತೆ, ನೂಕುವುದಕ್ಕೂ ವಿಜ್ಞಾನ ಬೇಕು ಅನ್ನುವ ಹಾಗೆ. ಹೀಗೆ ಶಹಾಪುರದ ಬಜಾರಿನಲ್ಲಿ ಮೆರವಣಿಗೆ ಹೊರಟಿತು: ಮುಂದೆ ಹ್ಯಾಂಡಲ್ ಹಿಡಿದು ಬೆವರುತ್ತ ಮರಿಲಿಂಗ, ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ಎಲ್ಲರಿಗೂ ‘ಬಾಜೂಕ ಸರೀರಿ, ಬಾಜೂಕ ಸರೀರಿ’ ಅನ್ನುತ್ತ ಬಾಲಮ್ಮತ್ತೆ, ಹಿಂದೆ ಎರಡೂ ಕೈಯಿಂದ ನೂಕುತ್ತ ಮೋನಮ್ಮ. ನೂಕಲು ಬಾಗಿದಾಗಲೇ ಅವಳು ಅದನ್ನು ನೋಡಿದ್ದು. ಹಿಂದಿನ ಮಡ್‌ಗಾರ್ಡಿನ ಮೇಲೆ, ಹಳದಿಯಲ್ಲಿ ಬರೆದು ಕೆಂಪಿನಲ್ಲಿ ಅಂಚು ಕಟ್ಟಿ, ಎರಡೂ ಕಡೆ ಗಿಳಿ ಕೂಡಿಸಿ, ಸುರಪುರದ ಯಾವನೋ ಪೇಂಟರ್ ಪ್ರಾಣವಿಟ್ಟು ಬರೆದಿದ್ದ: ಸೀಟು ಕಾಯ್ತದ. ಅವಳ ಮೂಗಿನಿಂದ ಗೇಣು ದೂರದಲ್ಲಿ ಅವಳದೇ ಮಾತು. ಅದನ್ನು ತಾನೇ ಬಜಾರಿನಲ್ಲಿ ನೂಕಿಕೊಂಡು ಹೊರಟಿದ್ದಳು. ಬಾಳೆಹಣ್ಣಿನ ಬಂಡಿಯವನು ಓದಿ ನಕ್ಕ, ಬುರ್ಖಾದ ಇಬ್ಬರು ಹುಡುಗಿಯರು ಓದಿ ಒಬ್ಬರನ್ನೊಬ್ಬರು ಚಿವುಟಿಕೊಂಡರು. ನಾಚಿಕೆಯಿಂದ ಸಾಯಬೇಕಿತ್ತು, ಸಾಯುವ ಬದಲು ಅವಳಿಗೆ ನಗು ಬರತೊಡಗಿತು, ತಡೆಯಲಾಗದ, ಉಸಿರು ಕಟ್ಟಿಸುವ ನಗು. ಹಲ್ಲು ಕಚ್ಚಿದಳು, ನಗು ಭುಜಕ್ಕೆ ಇಳಿದು ಗಾಡಿ ಓಲಾಡಿತು. ‘ಸಾವಕಾಶ ನೂಕು’ ಎಂದು ಮರಿಲಿಂಗ ಮುಂದಿನಿಂದ ಕೂಗಿದ. ಊರ ಹಿಂದೆ ಮಲಗಿದ ಬುದ್ಧನ ಗುಡ್ಡ ಮಾತ್ರ ಯಾರನ್ನೂ ನೋಡದೆ ಆಕಾಶಕ್ಕೆ ಮುಖ ಮಾಡಿ ಮಲಗಿತ್ತು.

ಶರೀಫಸಾಬರ ಅಂಗಡಿ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ. ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ಒಂದೇ ಸಮ ಬಡಿದುಕೊಳ್ಳುತ್ತಿತ್ತು, ಅಲ್ಲಿ ಎಲ್ಲರೂ ಜಗಳಾಡುವವರ ಹಾಗೆ ಕೂಗಿಯೇ ಮಾತಾಡಬೇಕು. ಸಾಬರು ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದೆ ನಿಂತು ಓದಿದರು. ‘ಸೀಟು ಕಾಯ್ತದ. ವಾಹ್! ಯಾರನ್ನ ಕಾಯ್ತದಪ್ಪ?’ ಮರಿಲಿಂಗ ಗದ್ದ ಎತ್ತಿ ಮೋನಮ್ಮನ ಕಡೆ ತೋರಿಸಿದ. ಸಾಬರು ಹಣೆಗೆ ಕೈ ಮುಟ್ಟಿಸಿ ಅವಳಿಗೆ ಸಲಾಮು ಮಾಡಿದರು. ಅವಳು ಗೋಡೆಗೆ ಜೋತುಬಿದ್ದ ಟ್ಯೂಬುಗಳನ್ನು ನೋಡಿದಳು.

ಬ್ಯಾಟರಿ ಬಿಚ್ಚಿ ನೋಡಿದ ಸಾಬರು ತಲೆಯಾಡಿಸಿದರು. ‘ಬ್ಯಾಟ್ರಿ ಗಟ್ಟಿ ಅದ. ಯಾರೋ ಕೂತು ಕರೆಂಟ್ ಕುಡ್ಯಾಕತ್ತಾರ.’

‘ಯಾರ್ ಕುಡೀತಾರ್ರಿ? ಗಾಡಿ ಬಂದ್ ಮಾಡಿ ನಿಲ್ಲಸ್ತೀನಿ.’

‘ಬಂದ್ ಇದ್ದಾಗ ಹ್ಯಾಂಗ ಬರ್ತದೋ ಕಾವು?’ ಎಂದಳು ಟೈರಿನ ಮೇಲೆ ಕೂತಿದ್ದ ಅತ್ತೆ, ಮಗನ ದಡ್ಡತನಕ್ಕೆ ಬೇಸರ ಪಟ್ಟುಕೊಂಡು. ‘ನಾ ಚಾವಿ ತಿರುವಿ ಕೂಡ್ತೀನಿ. ಹಸರ ಲೈಟ್ ಹತ್ತಿದ ಮ್ಯಾಲ ಸ್ವಲ್ಪ ತಡದ್ರ ಕಾವು ಬರ್ತದ. ಈಗ ಮಾವನ ಮನ್ಯಾಗೂ ತಿರುವಿದ್ದೆ, ನೀ ನಮಸ್ಕಾರ ಮಾಡಾಕ ಒಳಗ ಹೋದಾಗ.’

‘ಯವ್ವಾ!’ ಮರಿಲಿಂಗ ತಲೆಯ ಮೇಲೆ ಕೈ ಹೊತ್ತ. ‘ಬ್ಯಾಟ್ರಿ ಕೊಂದಾಕಿ ನೀನಾ?’

‘ಇಂಜಿನ್ ಬಂದ್ ಇದ್ರೂ ಬಿಸಿ ಹ್ಯಾಂಗ ಬರ್ತದ ಅಕ್ಕಾ? ನಿನ್ನ ಭ್ರಮಿ’ ಎಂದು ಸಾಬರು ನಕ್ಕರು. ಮೂವರೂ ಏಕಕಾಲಕ್ಕೆ ಕೂಗಾಡತೊಡಗಿದರು. ಮೋನಮ್ಮ ಗೋಡೆಗೆ ಒರಗಿ ನಿಂತು ಸುಮ್ಮನೆ ಕೇಳುತ್ತಿದ್ದಳು, ಮತ್ತು ಅವಳಿಗೆ ಎಲ್ಲ ಗೊತ್ತಾಗುತ್ತಿತ್ತು. ಇಂಜಿನ್ ಇಲ್ಲದೆ, ಚಾವಿಯೊಂದರಿಂದಲೇ ಬರುವ ಬಿಸಿ. ಹಾಗಾದರೆ ಸೀಟಿನೊಳಗೆ ತಂತಿ ಇದೆ, ತಂತಿಗೆ ಒಂದು ಸ್ವಿಚ್ಚಿದೆ, ಆ ಸ್ವಿಚ್ಚು... ಅವಳ ಎಡ ಮೀನಖಂಡ ತನ್ನಷ್ಟಕ್ಕೆ ಮಿಡಿಯಿತು. ಅವತ್ತಿನ ನೀಲಿ ಕಲೆ ಅಲ್ಲಿ ಎಷ್ಟು ದಿನ ಇತ್ತು! ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕೂಡುವವರಿಗಾಗಿ ಮಾಡಿದ ಗಾಡಿ. ಒಂದೇ ಕಡೆ ಕಾಲು ಇಳಿಬಿಟ್ಟು ಕೂಡುವ ಹೆಂಗಸು ಎಲ್ಲಿ ಒತ್ತುತ್ತಾಳೆ ಎಂದು ಆ ಥಂಡಿ ದೇಶದವರಿಗೆ ಹೇಗೆ ಗೊತ್ತಾಗಬೇಕು? ಒತ್ತಿದವಳು ನಾನೇ. ಬೆಂಕಿ ಹಚ್ಚಿದವಳೂ ನಾನೇ, ಅಯ್ಯೋ ಬೆಂಕಿ ಎಂದವಳೂ ನಾನೇ. ಮತ್ತೆ ನಗು ಉಕ್ಕಿತು. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಸಾಬರು ಇನ್ನೊಂದು ಬ್ಯಾಟರಿ ಹಾಕುತ್ತಾರೆ, ಸೀಟಿನ ಬಿಸಿ ಅತ್ತೆಯ ಭ್ರಮೆಯಾಗಿ ಉಳಿಯುತ್ತದೆ, ಮಾತಿನಮಲ್ಲಿ ಮಾತಿನಮಲ್ಲಿಯಾಗಿಯೇ ಮಂಟಪ ಏರುತ್ತಾಳೆ. ಬಾಯಿ ಬಿಟ್ಟರೆ ಸೀಟು ಬಿಸಿಯಾಗುವುದು ಖರೇ ಎಂದಾಗುತ್ತದೆ, ಅದು ಖರೇ ಎಂದಾದರೆ ಅವತ್ತಿನ ಮಾತು... ಆದರೆ ಎದುರಿಗೆ ಮೂವರು ತಪ್ಪು ಉತ್ತರ ಕೂಗುತ್ತಿದ್ದಾರೆ, ಸರಿಯುತ್ತರ ನಾಲಗೆಯ ಮೇಲೆ ಕೂತಿದೆ. ಒಮ್ಮೆಯಾದರೂ, ಸುಳ್ಳುಸುಳ್ಳೇ ಅಲ್ಲದೆ, ಖರೇ ಖರೇ ಜಾಣೆಯಾಗುವ ಆಸೆ ಅವಳನ್ನು ಕುತ್ತಿಗೆ ಹಿಡಿದು ಮುಂದಕ್ಕೆ ನೂಕಿತು. ಬಾಯಿ ಬರಲಿಲ್ಲ, ಹಳೆಯ ರೂಢಿ, ಬೆರಳು ಹೋಯಿತು. ಸೀಟಿನ ಎಡ ಅಂಚಿನ ಕೆಳಗೆ, ಕೆಂಪು ದೂಳು ಮೆತ್ತಿಕೊಂಡಿದ್ದ ಕರೀ ಗುಬುಟಿನ ಮೇಲೆ ಹೋಗಿ ನಿಂತಿತು.

ಸಾಬರು ದೂಳು ಒರೆಸಿದರು. ಒಂದು ಪುಟ್ಟ ಕುರ್ಚಿಯ ಚಿತ್ರ, ಅದರ ಮೇಲೆ ಮೂರು ಸೊಟ್ಟ ಗೆರೆ. ‘ಇದೇನು? ಕುರ್ಚಿಗಿ ಹಾವು ಹತ್ಯಾವೇನು?’

‘ಅದು ಏನೂ ಮಾಡಂಗಿಲ್ರಿ, ಶೋಕಿಗಿ ಇಟ್ಟಾರ’ ಎಂದ ಮರಿಲಿಂಗ. ‘ಒತ್ತಿ ನೋಡೀನಿ, ಏನೂ ಹತ್ತಂಗಿಲ್ಲ, ಏನೂ ಆರಂಗಿಲ್ಲ.’ ಆಮೇಲೆ ಕಿವಿ ತುರಿಸಿಕೊಂಡ. ‘ಸಾಹೇಬ ಹೋಗೂ ಮುಂದ ಇದನ್ನ ತೋರಿಸಿ ಏನೋ ಉದ್ದಕ ಹೇಳಿದ್ದ ಖರೇ. ಅವನ ಇಂಗ್ಲಿಷ್ ಎಲ್ಲಿ ತಿಳೀಬೇಕು? ಯಸ್ ಸರ್ ಯಸ್ ಸರ್ ಅಂದಿದ್ದೆ.’

ಮೋನಮ್ಮ ಅವನನ್ನು ನೋಡಿದಳು. ತಿಳಿಯದೆ ಹೂಂ ಅಂದವನು ಇನ್ನೊಬ್ಬನಿದ್ದಾನೆ. ಎದೆಯಲ್ಲಿ, ಈ ಸಲ ಎದೆಯಲ್ಲೇ, ಏನೋ ಮೆತ್ತಗಾಯಿತು.

ಸೀಟು ಎತ್ತಿ ಹೊಲಿಗೆ ಬಿಚ್ಚಿದ ಸಾಬರು ‘ಯಾ ಅಲ್ಲಾ, ಒಳಗ ಇಸ್ತ್ರಿಪೆಟ್ಟಿಗಿ ಅದ!’ ಎಂದು ಹಿಂದೆ ಸರಿದರು. ಸ್ಪಂಜಿನ ಮೇಲೆ ಹಾವಾಡಿದಂತೆ ಹಾಸಿದ್ದ ತಂತಿ. ಸ್ವಿಚ್ಚನ್ನು ಕಿತ್ತು ಹೊರಗೆಳೆದರು, ಅದರ ಸಂದಿನಿಂದ ಚಿಟಿಕೆ ಮಣ್ಣು ಉದುರಿತು. ಮೀಟರಿನ ಎರಡು ಕಡ್ಡಿಗಳಲ್ಲಿ ಒಂದನ್ನು ಅವರು ಹಿಡಿದು ಇನ್ನೊಂದನ್ನು ಮೋನಮ್ಮನಿಗೆ ಕೊಟ್ಟರು. ಅವಳು ಅದರ ತುದಿಯನ್ನು ಸ್ವಿಚ್ಚಿನ ಕಾಲಿಗೆ ಹಚ್ಚಿದಳು. ಕರೆಂಟಿಗೆ ದಾರಿ ಇದ್ದರೆ ಮೀಟರು ಕುಂಯ್ ಅನ್ನಬೇಕು, ದಾರಿ ಕಡಿದಿದ್ದರೆ ಸುಮ್ಮನಿರಬೇಕು. ಮೇಲೊತ್ತಿದರೆ ಕುಂಯ್. ಕೆಳಗೊತ್ತಿದರೆ ಕುಂಯ್. ನಡುವೆ ನಿಲ್ಲಿಸಿದರೂ, ಬಂದ್ ಇರಬೇಕಾದಲ್ಲೂ, ಕುಂಯ್. ಒಳಗೆ ತಗಡು ಬೆಂದು ಅಂಟಿಕೊಂಡು, ಏನು ಕೇಳಿದರೂ ಹೌದು ಹೌದು ಅನ್ನುವಂತಾಗಿಬಿಟ್ಟಿತ್ತು ಪಾಪದ ಸ್ವಿಚ್ಚು. ಅವಳಿಗೆ ಅದನ್ನು ಅಂಗೈಯಲ್ಲಿಟ್ಟು ಸಮಾಧಾನ ಮಾಡಬೇಕೆನಿಸಿತು. ಇನ್ನೊಂದು ಕ್ಷಣ ಆ ಕಡ್ಡಿಯ ತುದಿಯನ್ನು ತನ್ನ ನಾಲಗೆಗೆ ಇಟ್ಟುಕೊಂಡು ನೋಡಿದರೆ ಹೇಗೆ, ಕುಂಯ್ ಅನ್ನುತ್ತದೋ ಇಲ್ಲವೋ ಎಂಬ ಹುಚ್ಚು ಯೋಚನೆ ಬಂದು ಹೋಯಿತು.

‘ವೈರ್ ಕತ್ತರಿಸಿ ಒಗದುಬಿಡ್ತೀನಿ’ ಅಂದರು ಸಾಬರು. ‘ಯಾದಗಿರಿ ಜಿಲ್ಲಾದಾಗ ಸೀಟಿಗಿ ಬೆಂಕಿ ಯಾತಕ್ಕ ಬೇಕು? ಬಿಸಲೇನು ಕಮ್ಮಿ ಅದನು?’

‘ಏ ಶರೀಫಣ್ಣ, ಕತ್ತರಿ ಕೆಳಗಿಡು!’ ಅತ್ತೆ ಟೈರಿನಿಂದ ಎದ್ದೇಬಿಟ್ಟಳು, ಸೊಂಟ ಮರೆತು. ‘ನಂದು ಸ್ವಂಟ ಅದ. ಬೇಕಂದಾಗ ಹತ್ತಬೇಕು, ಬ್ಯಾಡಂದಾಗ ಆರಬೇಕು, ಅಂಥಾದ್ದು ಹಾಕು.’

ಆ ಕಂಪನಿಯ ಸ್ವಿಚ್ಚು ಸಿಗಬೇಕಾದರೆ ಆ ದೇಶಕ್ಕೇ ಹೋಗಬೇಕು. ಸಾಬರು ಎದುರಿನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಿಂದ ಲೈಟಿನ ಸ್ವಿಚ್ಚೊಂದನ್ನು ತಂದರು. ಅದಕ್ಕೂ ಮೂರು ಕಾಲು, ಮೇಲೆ ಕೆಳಗೆ ನಡುವೆ ಮೂರು ಮನಸ್ಸು. ಹಳೆಯ ತೂತಿಗೆ ಅದು ಕೂಡಲಿಲ್ಲ. ಅರ ಹಿಡಿದು ತೂತಿನ ಅಂಚು ತಿಕ್ಕಿ ದೊಡ್ಡದು ಮಾಡಿದರು, ತಂತಿಯ ತುದಿಗೆ ಹೊಸ ತಗಡಿನ ಕೊಂಡಿ ಒತ್ತಿದರು. ಯಾವ ತಂತಿ ಯಾವ ಕಾಲಿಗೆ ಎಂದು ಮೋನಮ್ಮ ಬೆರಳಿನಿಂದಲೇ ತೋರಿಸಿದಳು. ಪಂಕ್ಚರ್ ಅಂಗಡಿಯಿಂದ ಬಂದ ಯಾರೋ, ‘ಹುಡುಗಿ ಭಾಳ ಶಾಣ್ಯಾ ಅದಾಳ’ ಅಂದದ್ದು ಕೇಳಿಸಿತು. ಈ ಸಲ ಅದು ಎರವಲು ಸೀರೆಯಲ್ಲ. ತಲೆ ಹಗುರಾಗಿ, ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿಲ್ಲ ಎನಿಸಿತು. ಸ್ವಿಚ್ಚು ನಡುವೆ ನಿಂತಾಗ ಮೀಟರು ತೆಪ್ಪಗಾಯಿತು. ಸಾಬರು ಅಂಗಡಿಯ ಬ್ಯಾಟರಿಗೆ ತಂತಿ ಕೊಟ್ಟು, ಸೀಟು ಮುಚ್ಚಿ, ‘ಅಕ್ಕಾ, ಹತ್ತು, ಹೇಳು’ ಅಂದರು.

ಬಾಲಮ್ಮತ್ತೆ ಹತ್ತಿದಳು. ಸಾಬರು ಸ್ವಿಚ್ಚನ್ನು ಮೇಲಕ್ಕೊತ್ತಿದರು. ಅತ್ತೆ ಕಣ್ಣು ಮುಚ್ಚಿ, ಜಪಕ್ಕೆ ಕೂತವಳ ಹಾಗೆ, ಬೆನ್ನು ನೆಟ್ಟಗೆ ಮಾಡಿ ಕೂತಳು. ಅಂಗಡಿಯ ಮುಂದೆ ನಿಂತವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಮುಖದ ಮೇಲೆ ಒಂದು ನಗು ಹುಟ್ಟಿತು, ನಿಧಾನವಾಗಿ ಕಿವಿಯಿಂದ ಕಿವಿಗೆ ಹರಡಿತು.

‘ಕಾಯಾಕತ್ತು!’ ಎಂದು ಅತ್ತೆ ಕೂಗಿದಳು. ‘ಕಾಯಾಕತ್ತದ ನೋಡ್ರೋ! ಸೀಟು ಕಾಯಾಕತ್ತದ!’

ಎಲ್ಲರೂ ಚಪ್ಪಾಳೆ ತಟ್ಟಿದರು. ಮರಿಲಿಂಗನೂ ತಟ್ಟಲು ಕೈಯೆತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಅವನ ತುಟಿ ಆ ಮಾತನ್ನು ಸದ್ದಿಲ್ಲದೆ ಇನ್ನೊಮ್ಮೆ ಆಡಿ ನೋಡಿದ್ದು ಮೋನಮ್ಮನಿಗೆ ಕಾಣಿಸಿತು. ಅವನು ತಾಯಿಯನ್ನು ನೋಡಿದ, ಸ್ವಿಚ್ಚನ್ನು ನೋಡಿದ, ಮಡ್‌ಗಾರ್ಡಿನ ಗಿಳಿಗಳನ್ನು ನೋಡಿದ. ಕಿವಿಗಳು ಕೆಂಪಗಾದವು, ಅವತ್ತಿನ ಹಾಗೆಯೇ, ಆದರೆ ಬೇರೆ ಕೆಂಪು. ಜನರ ನಡುವಿಂದ ದಾಟಿ ಅವಳ ಹತ್ತಿರ ಬಂದು ನಿಂತ. ಕಂಪ್ರೆಸರ್ ಬಡಿದುಕೊಳ್ಳುತ್ತಿತ್ತು; ಬಾಗಿ, ಅವಳ ಕಿವಿಗೆ ಕೇಳುವಷ್ಟೇ ದನಿಯಲ್ಲಿ ಕೇಳಿದ.

‘ಅವತ್ತು ಕಾಲುವಿ ಪೂಲಿನ ಮ್ಯಾಲ ನೀ ಅಂದಿದ್ದು... ಇದನ್ನಾ?’

ಅವಳು ತಲೆಯಾಡಿಸಿದಳು. ಹೂಂ ಎಂದು.

‘ಟವೆಲ್ಲು?’

ಅವಳು ಮತ್ತೆ ತಲೆಯಾಡಿಸಿದಳು. ಅವನು ನಗಲು ನೋಡಿದ. ಮಂದಿಯ ಮುಂದೆ ಜಾರಿ ಬಿದ್ದವನು ಏಳುವಾಗ ನಗುವ ನಗು. ‘ಇಡೀ ಸುರಪುರಕ್ಕ ಹೇಳೀನಿ ಮೋನಾ’ ಅಂದ, ‘ಪೇಂಟ್ ಬ್ಯಾರೆ ಹೊಡಿಸೀನಿ. ನಾ ಎಂಥಾ ಹುಚ್ಚ ಇರಬೇಕು.’ ಕೆಳಗೆ ನೋಡುತ್ತ, ಅಂಗಡಿಯ ನೆಲದ ಎಣ್ಣೆಯ ಕಲೆಯನ್ನು ಚಪ್ಪಲಿಯಿಂದ ತಿಕ್ಕಿದ. ‘ಮಾವಗ ಇವತ್ತೇ ಹೇಳಿಬಿಡ್ತೀನಿ. ನೀ ಒಲ್ಲಿ ಅಂತ. ನಿನ್ನ ತಪ್ಪೇನಿಲ್ಲ ಇದರಾಗ.’

ಒಲ್ಲೆ ಅಂತ! ಮೋನಮ್ಮನ ತಲೆಯೊಳಗೆ ಏನೋ ಗಿರ್ರನೆ ತಿರುಗಿತು. ಹೂಂ ಅಂದಿದ್ದಾಳೆ ಎಂದು ಇಷ್ಟು ದಿನ ಎಲ್ಲರೂ ಅವಳ ಪರವಾಗಿ ನಕ್ಕರು. ಈಗ ಒಲ್ಲೆ ಅಂದಿದ್ದಾಳೆ ಎಂದು ಈತ ಅವಳ ಪರವಾಗಿ ಅಳುವವನಿದ್ದಾನೆ. ಅವಳು ಎರಡನ್ನೂ ಅಂದಿಲ್ಲ. ಅಂದದ್ದು ಸೀಟಿನ ಬಗ್ಗೆ. ಎಣ್ಣೆಯ ಕಲೆಯ ಮೇಲೆ ಅಲ್ಲಿಂದಿಲ್ಲಿಗೆ ಹೋಗಿಬರುತ್ತಿದ್ದ ಅವನ ಚಪ್ಪಲಿ, ಬೆವರಿಗೆ ಬೆನ್ನಿಗಂಟಿದ ಅಂಗಿ, ಏನೂ ತಿಳಿಯದ ಬೋಳೇಶಂಕರನ ಹಾಗೆ ಯಸ್ ಸರ್ ಯಸ್ ಸರ್ ಅಂದ ಆ ಬಾಯಿ. ಇವನನ್ನು ಅವಳು ಈಗ ಮೊದಲನೆಯ ಸಲ ನೋಡುತ್ತಿದ್ದಳು, ಜಾಣೆಯ ಕಣ್ಣು ತೆಗೆದಿಟ್ಟು, ತನ್ನ ಕಣ್ಣಿನಿಂದ. ಬಳೆಯ ಹಾಗೆ ಮಾತು ಆರಿಸುವ ವೇಳೆ ಇರಲಿಲ್ಲ; ಅವನು ಆಗಲೇ ತಿರುಗಿ, ತಾಯಿಯನ್ನು ಗಾಡಿಯಿಂದ ಇಳಿಸಲು ಎರಡು ಹೆಜ್ಜೆ ಹೋಗಿದ್ದ. ‘ಮಾವಾ!’ ಎಂದು ಅವನನ್ನು ಕರೆದಳು. ಕಂಪ್ರೆಸರಿನ ಬಡಿತದಲ್ಲಿ ಅದು ಮುಳುಗಿಹೋಯಿತು. ಅವಳು ಎದೆ ತುಂಬ ಉಸಿರು ಎಳೆದುಕೊಂಡು, ಕಾಲುವೆಯ ಆಚೆ ದಂಡೆಗೆ ಕೇಳುವಷ್ಟು ಜೋರಾಗಿ ಬಾಯಿ ತೆರೆದಳು. ಸರಿಯಾಗಿ ಅದೇ ಕ್ಷಣಕ್ಕೆ ಕರೆಂಟು ಹೋಯಿತು. ಕಂಪ್ರೆಸರ್ ನಿಂತಿತು, ಎದುರಿನ ಗಿರಣಿ ನಿಂತಿತು, ಚಾದಂಗಡಿಯ ಟಿವಿ ನಿಂತಿತು, ಇಡೀ ಬಸ್‌ಸ್ಟ್ಯಾಂಡು ಒಮ್ಮೆಲೇ ಕಿವಿಯಾಯಿತು. ಅತ್ತೆ ಗಾಡಿಯ ಮೇಲೆ ಕಣ್ಣು ತೆರೆದಳು, ಸಾಬರ ಕೈಯಲ್ಲಿ ಅರ ಹಾಗೇ ನಿಂತಿತು. ಆದರೆ ಮಾತು ಆಗಲೇ ಹೊರಟುಬಿಟ್ಟಿತ್ತು, ತಡೆಯುವ ಮನಸ್ಸೂ ಅವಳಿಗಿರಲಿಲ್ಲ:

‘ನನ್ನ ಇನ್ನಾ ಯಾರೂ ಕೇಳೇ ಇಲ್ಲ!’